ಮಕ್ಕಳೊಡನೆ ಕೆಮ್ಮಣ್ಣುಗುಂಡಿಯ ಕಾಲುಹಾದಿಯಲ್ಲಿ

ಕಡೂರು, ತರೀಕೆರೆ, ಅಜ್ಜಂಪುರದ ಕುಟುಂಬಗಳಿಗೆ ಕೆಮ್ಮಣ್ಣುಗುಂಡಿ ದೂರವೇನಲ್ಲ. ಲಿಂಗದಹಳ್ಳಿ, ಕಲ್ಲತ್ತಿಗಿರಿಯ ದಾರಿ ಹಿಡಿದು ಘಾಟಿ ಹತ್ತಿದರಾಯಿತು. ಆದರೆ ಹೆಚ್ಚಿನವರು ತೋಟಗಾರಿಕೆ ಇಲಾಖೆಯ ಗುಲಾಬಿ ತೋಟದಲ್ಲಿ ಬುತ್ತಿ ಬಿಚ್ಚಿ, ಫೋಟೋ ತೆಗೆಸಿಕೊಂಡು ಮರಳಿಬಿಡುತ್ತಾರೆ. ಮಕ್ಕಳು ಕಲಿಯುವಂಥದ್ದು ಇರುವುದು ಝಡ್ ಪಾಯಿಂಟಿಗೆ ಹೋಗುವ ಕಾಲುಹಾದಿಯಲ್ಲಿ.

ಮೊದಲು ಊರಿನ ಹೆಸರನ್ನು ಮಕ್ಕಳೇ ಬಿಡಿಸಲಿ: ಕೆಂಪು ಮಣ್ಣಿನ ಗುಂಡಿ. ಆ ಕೆಂಪು ಕಬ್ಬಿಣದ್ದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಈ ಗುಡ್ಡದಿಂದ.

ಹಾದಿಯ ನಡುವೆ ನಿಂತು ತೋರಿಸಿ: ಗುಡ್ಡದ ನೆತ್ತಿಯಲ್ಲಿ ಬರೀ ಹುಲ್ಲು, ಕಣಿವೆಯ ಮಡಿಕೆಯಲ್ಲಿ ಮಾತ್ರ ಕಾಡು. ಇದಕ್ಕೆ ಶೋಲಾ ಕಾಡು ಎನ್ನುತ್ತಾರೆ. ಹುಲ್ಲೂ ಕಾಡೂ ಸೇರಿ ಮಳೆನೀರನ್ನು ಹಿಡಿದಿಟ್ಟು ಮೆಲ್ಲನೆ ಬಿಡುವುದರಿಂದಲೇ ಮಳೆ ನಿಂತ ಮೇಲೂ ಝರಿಗಳು ಹರಿಯುತ್ತವೆ. ದಾರಿಯಲ್ಲಿ ಸಿಗುವ ಶಾಂತಿ ಜಲಪಾತದಲ್ಲಿ ಮಗು ಕೈಯೊಡ್ಡುವುದು ಈ ನೀರಿಗೇ. ಬೇಗ ತಲುಪುವ ಆಸೆಯಿಂದ ನಾಲ್ಕು ಜನ ಅಡ್ಡದಾರಿ ತುಳಿದರೆ ಅಲ್ಲಿ ಹುಲ್ಲು ಸಾಯುತ್ತದೆ. ಮುಂದಿನ ಮಳೆಗೆ ಅದೇ ಜಾಡು ಕೊರಕಲಾಗುತ್ತದೆ. ಅಪ್ಪನೇ ಅಡ್ಡದಾರಿ ಹಿಡಿದರೆ ಮಕ್ಕಳನ್ನು ತಡೆಯುವವರಾರು?

ಕೊನೆಯ ಏರು ಕಡಿದು. ಅಜ್ಜ ಅಜ್ಜಿ ಗುಲಾಬಿ ತೋಟದಲ್ಲೇ ಕುಳಿತಿರಲಿ. ಬೆಳಿಗ್ಗೆಯೇ ಹೊರಡಿ, ಮಂಜು ಕವಿದರೆ ಹಿಂತಿರುಗಿ. ಮಳೆಗಾಲವಾದರೆ ಇಂಬಳಕ್ಕೆಂದು ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ.