ಮಳೆ ಸಂಜೆ ಬೈಕ್ ಸವಾರಿ: ಮದ್ದೂರಿನಿಂದ ಕೊಪ್ಪ ತಲುಪುವವರೆಗೆ

ಮಂಡ್ಯ ಸೀಮೆಯಲ್ಲಿ ಸೆಪ್ಟೆಂಬರ್‌, ಅಕ್ಟೋಬರ್‌ ಮಳೆ ಹೆಚ್ಚಾಗಿ ಹಿಡಿಯುವುದು ಸಂಜೆಗೇ. ಗೆಜ್ಜಲಗೆರೆ, ಬಿಡದಿ ಕಡೆಯ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಕೊಪ್ಪ ಹೋಬಳಿಯ ಊರುಗಳಿಗೆ ಮರಳುವ ಬೈಕ್ ಸವಾರರಿಗೆ ಮಳೆ, ಕತ್ತಲೆ, ಕಬ್ಬಿನ ಗಾಡಿ ಮೂರೂ ಒಟ್ಟಿಗೆ ಎದುರಾಗುವ ಹೊತ್ತು ಅದು. ಇವುಗಳಲ್ಲಿ ಹೆಚ್ಚು ಅಪಾಯದ್ದು ಮಳೆಯಲ್ಲ, ದೀಪವಿಲ್ಲದ ಟ್ರೈಲರ್.

ಹೊರಡುವ ಮುನ್ನ

ಟೈರ್ ಸವೆದು ನುಣ್ಣಗಾಗಿದ್ದರೆ ಮಳೆಗಾಲಕ್ಕೆ ಮೊದಲೇ ಬದಲಿಸಿ. ಹಿಂದಿನ ದೀಪ ಉರಿಯುತ್ತದೆಯೇ ನೋಡಿ. ಪ್ಯಾಂಟು, ಅಂಗಿ ಬೇರೆಬೇರೆಯಿರುವ ಹಳದಿ ಅಥವಾ ಕಿತ್ತಳೆ ಬಣ್ಣದ ರೇನ್‌ಕೋಟ್ ಒಳ್ಳೆಯದು. ಗಾಳಿಗೆ ಹಾರುವ ಹೊದಿಕೆ ಚೈನಿಗೆ ಸಿಕ್ಕಿಕೊಳ್ಳುತ್ತದೆ. ಹಿಂದೆ ಕೂತವರು ಕೊಡೆ ಬಿಚ್ಚಲೇಬಾರದು. ಸೆರಗು, ದುಪಟ್ಟಾ ರೇನ್‌ಕೋಟಿನೊಳಗೆ ಸೇರಿರಲಿ. ಕಪ್ಪು ಗಾಜಿನ ಹೆಲ್ಮೆಟ್ ರಾತ್ರಿ ಮಳೆಗೆ ಬೇಡ. ಗಾಜು ಮಬ್ಬಾದರೆ ಒಂದು ಬೆರಳಷ್ಟು ಮೇಲೆತ್ತಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಮೊಬೈಲಿನಲ್ಲಿದ್ದರೆ ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ.

ಮದ್ದೂರಿನವರೆಗೆ

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥಕ್ಕೆ ಬೈಕ್‌ಗಳಿಗೆ ಪ್ರವೇಶವಿಲ್ಲ. ಹಾಗಾಗಿ ಸರ್ವಿಸ್ ರಸ್ತೆಯೇ ಗತಿ. ಅಂಡರ್‌ಪಾಸ್‌ನಲ್ಲಿ ನೀರು ನಿಂತಿದ್ದರೆ ಮುಂದಿನ ಗಾಡಿ ದಾಟಿತೆಂದು ನೀವೂ ನುಗ್ಗಬೇಡಿ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಹೊರಬನ್ನಿ. ನೀರು ದಾಟಿದ ಮೇಲೆ ಬ್ರೇಕನ್ನು ಎರಡು ಮೂರು ಸಲ ಮೆಲ್ಲಗೆ ಒತ್ತಿ ಒಣಗಿಸಿ.

ಮದ್ದೂರಿನಲ್ಲಿ ಒಂದು ಗಳಿಗೆ ನಿಲ್ಲಿ. ಗುಡುಗು ಕೇಳುತ್ತಿದ್ದರೆ ಮುಂದೆ ಹೊರಡಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯಲಿ. ಇಲ್ಲಿಂದ ಹೊರಡುತ್ತಿದ್ದೇನೆಂದು ಮನೆಗೆ ತಿಳಿಸಿ, ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಒಳಜೇಬಿಗಿಡಿ. ಮನೆಯವರೂ ಪದೇಪದೇ ಫೋನ್ ಮಾಡಬಾರದು.

ಕೊಪ್ಪದ ರಸ್ತೆಯಲ್ಲಿ

ಮಳೆ ಶುರುವಾದ ಮೊದಲ ಹತ್ತು ಹದಿನೈದು ನಿಮಿಷ ರಸ್ತೆ ಬಲು ಜಾರು. ಧೂಳು, ಎಣ್ಣೆ ನೀರಿನೊಂದಿಗೆ ಕಲಸಿಕೊಂಡಿರುತ್ತವೆ. ಕೊಪ್ಪದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಹಂಗಾಮಿನಲ್ಲಂತೂ ಗದ್ದೆಯಿಂದ ರಸ್ತೆಗೇರುವ ಟ್ರ್ಯಾಕ್ಟರ್‌ಗಳ ಚಕ್ರ ಅಂಗೈ ದಪ್ಪದ ಕೆಸರು ಉದುರಿಸಿರುತ್ತದೆ, ಮೇಲೆ ಕಬ್ಬಿನ ಸೋಗೆ. ಇಂಥ ಕಡೆ ಬ್ರೇಕ್ ಹಿಡಿಯಬಾರದು, ಹ್ಯಾಂಡಲ್ ತಿರುಗಿಸಬಾರದು. ಮೊದಲೇ ವೇಗ ಇಳಿಸಿ, ನೇರವಾಗಿ, ಒಂದೇ ಹದದಲ್ಲಿ ದಾಟಿ. ಸುಗ್ಗಿಯಲ್ಲಿ ರಸ್ತೆ ಮೇಲೆ ಒಕ್ಕಣೆಗೆ ಹರಡಿದ ಹುರುಳಿ, ರಾಗಿ ಹುಲ್ಲಿಗೂ ಇದೇ ಮಾತು. 2024ರ ಡಿಸೆಂಬರ್ ಮೊದಲ ವಾರ ಫೆಂಜಲ್ ಚಂಡಮಾರುತ ಈ ಭಾಗಕ್ಕೂ ಮಳೆ ತಂದಿತ್ತು. ಅಕಾಲದ ಮಳೆಗೆ ನೆನೆದ ಹುಲ್ಲು ಚಕ್ರಕ್ಕೆ ಹಿಡಿತವನ್ನೇ ಕೊಡುವುದಿಲ್ಲ.

ಮುಂದಿನ ವಾಹನ ಒಂದು ಕಂಬ ದಾಟಿದ ಮೇಲೆ ನಾಲ್ಕು ಸೆಕೆಂಡ್ ಎಣಿಸಿ. ಅದಕ್ಕೆ ಮೊದಲೇ ನೀವು ಕಂಬ ಮುಟ್ಟಿದರೆ ತೀರಾ ಹತ್ತಿರವಿದ್ದೀರಿ ಎಂದರ್ಥ. ಎದುರಿನ ಹೆಡ್‌ಲೈಟ್ ಕಣ್ಣು ಕೋರೈಸಿದಾಗ ರಸ್ತೆಯ ಎಡ ಅಂಚನ್ನು ನೋಡುತ್ತಾ ವೇಗ ಇಳಿಸಿ. ಎಬಿಎಸ್ ಇಲ್ಲದ ಬೈಕಿನಲ್ಲಿ ಎರಡೂ ಬ್ರೇಕ್ ಒಟ್ಟಿಗೆ, ಮೆತ್ತಗೆ.

ಒಳದಾರಿ ಹತ್ತಿರವೆಂದು ರಾತ್ರಿ ನಾಲೆ ಏರಿ ಹಿಡಿಯಬೇಡಿ. ತಡೆಗೋಡೆಯಿಲ್ಲದ ನಾಲೆಯ ಪಕ್ಕ ಹಗಲಲ್ಲೇ ಅಪಾಯವಿದೆ. 2018ರ ನವೆಂಬರ್ 24ರಂದು ಕನಗನಮರಡಿಯಲ್ಲಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಮಂದಿ ಸತ್ತದ್ದು ಹಗಲಿನಲ್ಲೇ. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಮೊಣಕಾಲುದ್ದಕ್ಕಿಂತ ಕಡಿಮೆಯಿದ್ದರೂ ವಾಪಸ್ ಬನ್ನಿ.

ನಿಲ್ಲುವುದಾದರೆ ಮರದಡಿ, ತೆಂಗಿನ ತೋಟದ ಬದಿ ಬೇಡ. ಊರಿನ ಹಾಲಿನ ಡೇರಿಯಲ್ಲಿ ಸಂಜೆ ಹಾಲು ಹಾಕುವ ಹೊತ್ತಿಗೆ ದೀಪವೂ ಇರುತ್ತದೆ, ಜನವೂ ಇರುತ್ತಾರೆ. ತಂತಿ ಕಡಿದು ಬಿದ್ದಿದ್ದರೆ ದೂರ ನಿಂತು 1912ಕ್ಕೆ, ಅಪಘಾತವಾದರೆ 112 ಅಥವಾ 108ಕ್ಕೆ ಕರೆ ಮಾಡಿ.

ಕಬ್ಬು ಸಾಗಿಸುವ ರೈತರಲ್ಲಿ, ಟ್ರ್ಯಾಕ್ಟರ್ ಮಾಲೀಕರಲ್ಲಿ ಒಂದು ಕೋರಿಕೆ: ಟ್ರೈಲರ್ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಕೆಸರು ಮೆತ್ತಿಕೊಂಡರೆ ಹೊರಡುವ ಮುನ್ನ ಒರೆಸಿ. ಕೆಟ್ಟು ನಿಂತ ಗಾಡಿಯನ್ನು ರಾತ್ರಿ ರಸ್ತೆಯಲ್ಲೇ ಬಿಟ್ಟು ಹೋಗಬೇಡಿ.