ಸಂಜೆ ಎಡವುವ ಮಗು, ಹಿತ್ತಲ ನುಗ್ಗೆ

ಮರಳವಾಡಿಯ ತಾಯಿಗೆ,

ನಿಮ್ಮ ನಾಲ್ಕು ವರ್ಷದ ಮಗಳು ಹೊತ್ತು ಮುಳುಗಿದರೆ ಎಡವುತ್ತಾಳೆ, ಅಂಗಡಿಯಲ್ಲಿ ಕೊಟ್ಟ ಟಾನಿಕ್ ಸಾಕೇ ಎಂದು ಕೇಳಿದ್ದೀರಿ. ಸಾಲದಮ್ಮ. ಇದು ಇರುಳುಗುರುಡು ಇರಬಹುದು. ಈ ವಾರವೇ ವೈದ್ಯರಿಗೆ ತೋರಿಸಿ. ಕಣ್ಣಿನ ಬಿಳಿಭಾಗದಲ್ಲಿ ನೊರೆಯಂಥ ಮಚ್ಚೆ ಕಂಡರೆ ಒಂದು ದಿನವೂ ತಡಮಾಡಬೇಡಿ.

ಮಂದ ಬೆಳಕಿನಲ್ಲಿ ನೋಡಲು ಅಕ್ಷಿಪಟಲಕ್ಕೆ ‘ಎ’ ಜೀವಸತ್ವ ಬೇಕು. ಬರೀ ಮುದ್ದೆ, ಅನ್ನದಿಂದ ಅದು ಸಿಗದು. ನುಗ್ಗೆಸೊಪ್ಪಿನ ಉಪ್ಸಾರು, ದಂಟಿನ ಸೊಪ್ಪು, ಪಪ್ಪಾಯಿ, ಕಾಲಕ್ಕೆ ನಿಮ್ಮ ಕಡೆಯ ಮಾವು, ಜೊತೆಗೆ ಮೊಟ್ಟೆ, ಹಾಲು ಕೊಡಿ. ದುಬಾರಿ ಕ್ಯಾರೆಟ್ಟೇ ಆಗಬೇಕೆಂದಿಲ್ಲ. ಸೊಪ್ಪಿಗೆ ಎಣ್ಣೆಯ ಒಗ್ಗರಣೆ ಇರಲಿ; ಜಿಡ್ಡಿಲ್ಲದೆ ಈ ಸತ್ವ ಮೈಗೆ ಹತ್ತದು.

ಒಂಬತ್ತು ತಿಂಗಳಿಂದ ಐದು ವರ್ಷದವರೆಗೆ ಸರ್ಕಾರ ಉಚಿತವಾಗಿ ‘ಎ’ ದ್ರಾವಣ ಕೊಡುತ್ತದೆ. ತಾಯಿ ಕಾರ್ಡು ತೆಗೆದುಕೊಂಡು ಆಶಾ ಕಾರ್ಯಕರ್ತೆಯನ್ನು ಕೇಳಿ. ನೀವಾಗಿಯೇ ಹೆಚ್ಚು ಕುಡಿಸಬೇಡಿ, ಅತಿಯಾದರೆ ಈ ಸತ್ವವೇ ವಿಷ.

ನಿಮ್ಮದು ಸೋದರಮಾವನ ಸಂಬಂಧವೆಂದು ಬರೆದಿದ್ದೀರಿ. ಸಂಕೋಚಪಡದೆ ವೈದ್ಯರಿಗೂ ಹೇಳಿ. ಅಕ್ಷಿಪಟಲದ ಕೆಲವು ವಂಶವಾಹಿ ಕಾಯಿಲೆಗಳೂ ಹೀಗೇ ಶುರುವಾಗುತ್ತವೆ, ಅವು ಸೊಪ್ಪಿಗೆ ಬಗ್ಗುವುದಿಲ್ಲ. ಹೆಚ್ಚಿನ ತಪಾಸಣೆ ಬೇಕೆಂದರೆ ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ.