ಹೊಣೆಯಾಗುವದರ ವಿಷಯವಾದ ಪಾಠ

ಓದತಕ್ಕ ಭಾಗಗಳು: ಆದಿಕಾಂಡ 42:35-38; 43:1-10; 44:18-34. ಧರ್ಮೋಪದೇಶಕಾಂಡ 24:6-13. ಜ್ಞಾನೋಕ್ತಿಗಳು 6:1-5. ಫಿಲೆಮೋನನಿಗೆ ಬರೆದ ಪತ್ರಿಕೆ 10-19.

ಮುಂಗಾರು ಸಮೀಪಿಸುವ ದಿವಸಗಳಲ್ಲಿ ನಮ್ಮ ಹಳ್ಳಿಯ ಸಭೆಗಳಲ್ಲಿ ಒಂದು ಮಾತು ತಪ್ಪದೆ ಕೇಳಬರುತ್ತದೆ. ಬೀಜಕ್ಕೂ ಗೊಬ್ಬರಕ್ಕೂ ಸಾಲ ಬೇಕಾದ ಸಹೋದರನು ಆರಾಧನೆ ಮುಗಿದ ತರುವಾಯ ಮತ್ತೊಬ್ಬನನ್ನು ಮರದ ನೆರಳಿಗೆ ಕರೆದು, "ಅಣ್ಣಾ, ನಾಳೆ ಬ್ಯಾಂಕಿಗೆ ಬಂದು ಒಂದು ರುಜು ಹಾಕಿಕೊಡು, ನಿನಗೇನೂ ತೊಂದರೆಯಿಲ್ಲ, ಬರೇ ಸಾಕ್ಷಿಗೆ" ಎನ್ನುತ್ತಾನೆ. ವಂಚಿಸಬೇಕೆಂದು ಅವನು ಹೀಗೆ ಹೇಳುವದಿಲ್ಲ. ಬಹುಶಃ ತಾನೂ ಹಾಗೆಯೇ ನಂಬಿರುವನು. ಕೇಳಿದವನು ಸಹೋದರಪ್ರೀತಿಯ ನಿಮಿತ್ತ ಇಲ್ಲವೆನ್ನಲಾರದೆ ಹೋಗುತ್ತಾನೆ. ಎರಡು ವರುಷ ಮಳೆ ತಪ್ಪಿದ ಮೇಲೆ ನೋಟೀಸು ಇಬ್ಬರ ಮನೆಗೂ ಬರುತ್ತದೆ. ಆಗ ಒಂದೇ ಚಾಪೆಯ ಮೇಲೆ ಕೂತು ಕೀರ್ತನೆ ಹಾಡಿದವರು ಒಬ್ಬರ ಮುಖವನ್ನೊಬ್ಬರು ನೋಡದವರಾಗುತ್ತಾರೆ.

ಸಾಕ್ಷಿ ಬೇರೆ, ಹೊಣೆ ಬೇರೆ. ಸಾಕ್ಷಿ ಹಾಕಿದವನು, ಇಂಥವನು ಈ ಪತ್ರಕ್ಕೆ ರುಜು ಹಾಕುವದನ್ನು ನಾನು ಕಂಡೆನು, ಎಂದು ಮಾತ್ರ ಹೇಳುತ್ತಾನೆ. ಹಣಕ್ಕೆ ಅವನು ಬಾಧ್ಯನಲ್ಲ. ಹೊಣೆಗಾರನಾದರೋ, ಅಂದರೆ ಈಗ ಜಾಮೀನುದಾರನೆಂದು ಕರೆಯಲ್ಪಡುವವನು, ಇವನು ಕೊಡದಿದ್ದರೆ ನಾನು ಕೊಡುವೆನು, ಎಂದು ಒಪ್ಪುತ್ತಾನೆ. 1872ನೆಯ ಇಸವಿಯ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಪತ್ರದಲ್ಲಿ ಬೇರೆ ಷರತ್ತು ಇಲ್ಲವಾದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅದು ಸಾಲದ ಅರ್ಧವಲ್ಲ. ಸಾಲಗಾರನಿಂದ ವಸೂಲಾಗದೆ ಉಳಿದದ್ದು ಮಾತ್ರವೂ ಅಲ್ಲ. "ಮೊದಲು ಅವನ ಹೊಲ ಮಾರಲಿ, ಸಾಲದಿದ್ದರೆ ನನ್ನ ಬಳಿಗೆ ಬರಲಿ" ಎಂಬ ಮಾತು ಕೇಳುವದಕ್ಕೆ ನ್ಯಾಯವಾಗಿ ತೋರಿದರೂ ಕೋರ್ಟಿನಲ್ಲಿ ನಿಲ್ಲುವದಿಲ್ಲ. ಬಿಹಾರದ ಒಂದು ಬ್ಯಾಂಕಿನ ವ್ಯಾಜ್ಯದಲ್ಲಿ ಸುಪ್ರೀಮ್ ಕೋರ್ಟು 1968ರಲ್ಲಿ ಇದನ್ನು ಸ್ಪಷ್ಟವಾಗಿ ತೀರ್ಮಾನಿಸಿತು: ಸಾಲ ಕೊಟ್ಟವನು ಮೊದಲು ಸಾಲಗಾರನನ್ನೇ ಹಿಡಿಯಬೇಕೆಂಬ ನಿರ್ಬಂಧವಿಲ್ಲ, ಜಾಮೀನುದಾರನ ಮೇಲಿನ ವಸೂಲಿಯನ್ನು ತಡೆದರೆ ಜಾಮೀನಿನ ಪ್ರಯೋಜನವೇ ಕೆಟ್ಟುಹೋಗುವದು.

ಹೀಗಿರಲಾಗಿ ಕ್ರೈಸ್ತನು ಯಾರಿಗೂ ಹೊಣೆಯಾಗಲೇಬಾರದೋ? ಜ್ಞಾನೋಕ್ತಿಗಳನ್ನು ಮಾತ್ರ ಓದಿದವನು ಹಾಗೆಂದಾನು; ಅಲ್ಲಿ ಒಂದಲ್ಲ, ಅನೇಕ ಸ್ಥಳಗಳಲ್ಲಿ ಈ ಎಚ್ಚರಿಕೆ ಉಂಟು. ಆದರೆ ಯೆಹೂದನು ಬೆನ್ಯಾಮೀನನಿಗೆ ಹೊಣೆಯಾದನು. ಅಪೊಸ್ತಲನಾದ ಪೌಲನು ಸೆರೆಯಲ್ಲಿದ್ದುಕೊಂಡು ಒನೇಸಿಮನ ಸಾಲವನ್ನು ತನ್ನ ಲೆಕ್ಕಕ್ಕೆ ಹಾಕೆಂದು ಸ್ವಂತ ಕೈಯಿಂದ ಬರೆದುಕೊಟ್ಟನು. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ನಮ್ಮ ಕರ್ತನಿಗೇ ಹೊಣೆಗಾರನೆಂಬ ಹೆಸರು ಕೊಡಲ್ಪಟ್ಟಿದೆ. ಎರಡೂ ಒಂದೇ ಗ್ರಂಥದ ಮಾತುಗಳಾಗಿರುವದರಿಂದ ಒಂದನ್ನು ಇನ್ನೊಂದರಿಂದ ತಳ್ಳಿಹಾಕಬಾರದು.

ಯಾಕೋಬನ ಮನೆಯಲ್ಲಿ ನಡೆದದ್ದನ್ನು ಸಾವಧಾನವಾಗಿ ನೋಡಿರಿ. ಮೊದಲು ಹೊಣೆಯಾಗಲು ಬಂದವನು ರೂಬೇನನು. ಬೆನ್ಯಾಮೀನನನ್ನು ತಿರಿಗಿ ತರದಿದ್ದರೆ ನನ್ನ ಇಬ್ಬರು ಮಕ್ಕಳನ್ನು ಕೊಲ್ಲಬಹುದು, ಎಂದು ಅವನು ತಂದೆಗೆ ಹೇಳಿದನು. ತಂದೆಯು ಒಪ್ಪಲಿಲ್ಲ. ತಾನು ಕೊಡತಕ್ಕದ್ದಲ್ಲದ್ದನ್ನು ರೂಬೇನನು ಒತ್ತೆಯಿಟ್ಟನು. ಹೆಂಡತಿಯ ಒಡವೆಯನ್ನೂ ಮಕ್ಕಳ ಅನ್ನವನ್ನೂ ಅವರಿಗೆ ತಿಳಿಸದೆಯೇ ಒಂದು ರುಜುವಿನಿಂದ ಕಟ್ಟಿಹಾಕುವವರು ಇವನ ಸಂತತಿಯವರೇ ಸರಿ. ಯೆಹೂದನಾದರೋ ತನ್ನನ್ನೇ ಕೊಟ್ಟನು. ಬೆನ್ಯಾಮೀನನ ಚೀಲದಲ್ಲಿ ಪಾತ್ರೆ ಸಿಕ್ಕಿದಾಗ ಅವನು, ನಾನು ಬರೇ ಮಾತಿಗೆ ನಿಂತೆನು, ಎಂದು ಹಿಂಜರಿಯಲಿಲ್ಲ. ಹುಡುಗನ ಬದಲಾಗಿ ದಾಸನಾಗುವದಕ್ಕೆ ಮುಂದೆ ಬಂದನು. ಪೌಲನೂ, ಒನೇಸಿಮನು ಕೊಟ್ಟಾನು, ಎಂದು ಬರೆಯಲಿಲ್ಲ. ತಾನೇ ಕೊಡುವೆನೆಂದು ಬರೆದನು. ಹೀಗೆ ತೆರುವದಕ್ಕೆ ಸಿದ್ಧನಾಗಿ ಹೊಣೆಯಾದವನನ್ನು ಸತ್ಯವೇದವು ಎಲ್ಲಿಯೂ ಹಳಿಯುವದಿಲ್ಲ. ತೆರುವ ಮನಸ್ಸೂ ಶಕ್ತಿಯೂ ಇಲ್ಲದೆ ಕೈ ಮೇಲೆ ಕೈ ಹಾಕಿದವನನ್ನೇ ಸೊಲೊಮೋನನು ಬೋನಿನಲ್ಲಿ ಸಿಕ್ಕಿದ ಮೃಗಕ್ಕೆ ಹೋಲಿಸುತ್ತಾನೆ. ಆದದರಿಂದ ರುಜುವಿಗೆ ಮುಂಚೆ ಕೇಳಿಕೊಳ್ಳತಕ್ಕ ಪ್ರಶ್ನೆಯು, ಇವನು ಒಳ್ಳೆಯವನೋ, ಎಂಬದಲ್ಲ. ಈ ಹಣವು ಪೂರ್ತಿಯಾಗಿ ನನ್ನ ಸಾಲವಾದರೆ ನಾನು ತೀರಿಸಬಲ್ಲೆನೋ, ಎಂಬದೇ.

ಇದೇ ತತ್ವದ ಮೇಲೆ ನಮ್ಮ ಗ್ರಾಮಗಳ ಸೊಸೈಟಿಗಳು ಹುಟ್ಟಿದವು. ಜರ್ಮನಿಯಲ್ಲಿ ರೈಫೈಸನ್ ಎಂಬ ಭಕ್ತಿವಂತನಾದ ಪ್ರೊಟೆಸ್ಟೆಂಟ್ ಗ್ರಾಮಾಧಿಕಾರಿಯು 1846-47ರ ಬರಗಾಲದಲ್ಲಿ ಬಡವರಿಗೆ ರೊಟ್ಟಿ ಒದಗಿಸುವ ಸಂಘವನ್ನು ಏರ್ಪಡಿಸಿ, 1864ರಲ್ಲಿ ಹೆಡ್ಡೆಸ್‌ಡಾರ್ಫಿನಲ್ಲಿ ರೈತರ ಸಾಲದ ಸಂಘವನ್ನು ಸ್ಥಾಪಿಸಿದನು. ಅವನ ಸಂಘಗಳಲ್ಲಿ ಒಬ್ಬೊಬ್ಬ ಸದಸ್ಯನೂ ಸಂಘದ ಸಾಲಕ್ಕೆಲ್ಲಾ ಮಿತಿಯಿಲ್ಲದೆ ಹೊಣೆಗಾರನು. ಹಿಂದೂದೇಶದ 1904ರ ಸಹಕಾರ ಕಾಯಿದೆಯು ಗ್ರಾಮಸಂಘಗಳಿಗೆ ಇದೇ ನಿಯಮವನ್ನು ಇಟ್ಟಿತು. ಮರುವರುಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸಂಘವು ಹುಟ್ಟಿತು. ಇಂಥ ಹೊಣೆಯು ಕಠಿಣವಾಗಿತ್ತು, ನಿಜ. ಆದರೆ ಆ ಕಠಿಣತೆಯಿಂದಲೇ ಸಾಲವು ಬಿತ್ತನೆಗೆ ಹೋಯಿತೋ ಮದುವೆಗೆ ಹೋಯಿತೋ ಎಂದು ನೆರೆಯವರು ನೋಡುತ್ತಿದ್ದರು. ಈಗ ರುಜು ಹಾಕಿದವನು ಸುಗ್ಗಿಯವರೆಗೆ ಆ ಹೊಲದ ಕಡೆಗೆ ತಿರುಗಿಯೂ ನೋಡುವದಿಲ್ಲ!

ಕಾಯಿದೆಯಲ್ಲಿ ದಯೆಯೂ ಉಂಟು. ಬೀಸುವ ಕಲ್ಲನ್ನು ಒತ್ತೆ ತೆಗೆದುಕೊಳ್ಳಬಾರದೆಂದು ಮೋಶೆಯು ವಿಧಿಸಿದಂತೆ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ಪ್ರಕಾರ ಹಣದ ಡಿಕ್ರಿಗಾಗಿ ರೈತನ ಬೇಸಾಯದ ಉಪಕರಣಗಳನ್ನೂ, ಜೀವನಕ್ಕೆ ಅಗತ್ಯವೆಂದು ಕೋರ್ಟು ಎಣಿಸುವ ದನಗಳನ್ನೂ ಬೀಜದ ಕಾಳನ್ನೂ, ಅಡಿಗೆಯ ಪಾತ್ರೆಗಳನ್ನೂ, ಅವನು ವಾಸಿಸುವ ಮನೆಯನ್ನೂ ಜಪ್ತಿಮಾಡಕೂಡದು. ಆದರೆ ಆ ಮನೆಯನ್ನೇ ಅಡವಿಟ್ಟಿದ್ದರೆ ಈ ಆಶ್ರಯವಿಲ್ಲ. ಸಾಲಕ್ಕೆ ಬದಲಾಗಿ ಜೈಲಿಗೆ ಹಾಕಿಸುವೆನೆಂದು ಬೆದರಿಸುವವರಿಗೆ ಅಂಜಬೇಡಿರಿ. ಬರೇ ಬಡತನದಿಂದ ಕೊಡಲಾರದವನನ್ನು ಸೆರೆಯಲ್ಲಿಡಕೂಡದೆಂದು ಸುಪ್ರೀಮ್ ಕೋರ್ಟು 1980ರಲ್ಲಿ ತೀರ್ಪುಕೊಟ್ಟಿದೆ. ಎಲೀಶನ ಬಳಿಗೆ ಬಂದ ವಿಧವೆಯ ಸಾಲಗಾರನು ಅವಳ ಇಬ್ಬರು ಮಕ್ಕಳನ್ನು ಒಯ್ಯಲು ಬಂದನಷ್ಟೆ. ಇಂದು ಸತ್ತವನ ಹೆಂಡತಿಮಕ್ಕಳು ಅವನಿಂದ ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಬಾಧ್ಯರು. ಅವರ ಸ್ವಂತ ದುಡಿಮೆಯನ್ನು ಮುಟ್ಟಕೂಡದು. ಮಗನೂ ಪತ್ರಕ್ಕೆ ರುಜು ಹಾಕಿದ್ದರೆ ಅವನು ವಾರಸುದಾರನಾಗಿ ಅಲ್ಲ, ಸ್ವತಃ ಬಾಧ್ಯನಾಗುವನು. ಮತ್ತೊಂದು ಸಂಗತಿ: ಎರಡು ಲಕ್ಷ ರೂಪಾಯಿಗಳ ತನಕದ ಕೃಷಿಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳಬಾರದೆಂಬ ರಿಸರ್ವ್ ಬ್ಯಾಂಕಿನ ಆಜ್ಞೆಯು 2025ನೆಯ ಜನವರಿ 1ರಿಂದ ಜಾರಿಗೆ ಬಂದಿತು. ಚಿಕ್ಕ ಸಾಲಕ್ಕೆ ಹೊಲವನ್ನೇ ಅಡವಿಡುವದಕ್ಕೆ ಮುಂಚೆ ಇದನ್ನು ವಿಚಾರಿಸಿರಿ.

ಹೊಣೆಗಾರನು ತೆತ್ತರೆ ಅವನ ಹಣ ಹೋಯಿತೆಂದಲ್ಲ. ತೆತ್ತ ಕೂಡಲೆ ಅವನು ಸಾಲ ಕೊಟ್ಟವನ ಸ್ಥಾನಕ್ಕೆ ಬರುತ್ತಾನೆ. ಸಾಲಗಾರನು ಇಟ್ಟ ಅಡವಿನ ಹಕ್ಕೂ ಅವನಿಗೆ ಸೇರುತ್ತದೆ. ಜೊತೆಗೆ ಜಾಮೀನಾದವರು ಬೇರೆ ಒಪ್ಪಂದವಿಲ್ಲದಿದ್ದರೆ ಸಮವಾಗಿ ಹೊರತಕ್ಕದ್ದು. ಇಲ್ಲಿ ಸಭೆಯ ಹಿರಿಯರಿಗೆ ಒಂದು ಮಾತು ಹೇಳಬೇಕಾಗಿದೆ. ಸಹೋದರನು ಸಹೋದರನ ಮೇಲೆ ವ್ಯಾಜ್ಯವಾಡುವದನ್ನು ಅಪೊಸ್ತಲನು ಕೊರಿಂಥದವರಲ್ಲಿ ಖಂಡಿಸಿದ್ದರಿಂದ, ತೆತ್ತವನನ್ನು ಸಮಾಧಾನಪಡಿಸಿ ತಾಳಿಕೋ ಎನ್ನುವದು ನಮ್ಮ ವಾಡಿಕೆ. ಒಳ್ಳೆಯದು, ಆದರೆ ಸಾಲಗಾರನ ಮೇಲೆ ದಾವೆ ಹೂಡುವದಕ್ಕೆ ಅವನಿಗಿರುವದು ತೆತ್ತ ದಿನದಿಂದ ಮೂರು ವರುಷ ಮಾತ್ರ. ನಾವು ಸುಗ್ಗಿಯಿಂದ ಸುಗ್ಗಿಗೆ ತಾಳಿಸುತ್ತಾ ಬಂದು ಆ ವಾಯಿದೆ ಕಳೆದರೆ, ಅವನ ತಾಳ್ಮೆಗೆ ನಾವು ಕೊಟ್ಟ ಸಂಬಳವೇನು? ಪಂಚಾಯತಿ ಮಾಡಿದ ದಿನವೇ, ಇಷ್ಟು ಹಣ ಕೊಡತಕ್ಕದ್ದು, ಎಂದು ಸಾಲಗಾರನಿಂದ ಬರೆಸಿ ರುಜು ಹಾಕಿಸಿರಿ. ವಾಯಿದೆಯೊಳಗೆ ಹೀಗೆ ಬರೆದ ಒಪ್ಪಿಗೆಯಿಂದ ಮೂರು ವರುಷಗಳು ಹೊಸದಾಗಿ ಎಣಿಸಲ್ಪಡುತ್ತವೆ. ಸುಳ್ಳಾಡುವ ಮನಸ್ಸಿಲ್ಲದವನು ಬರೆದುಕೊಡುವದಕ್ಕೆ ಯಾಕೆ ಹಿಂಜರಿಯಬೇಕು?

ಇನ್ನು ತಿಳಿಯದೆ ಈಗಾಗಲೇ ರುಜು ಹಾಕಿದವರಿದ್ದಾರೆ. ಅಂಥವನು ಕಣ್ಣಿಗೆ ನಿದ್ರೆ ಕೊಡದೆ ನೆರೆಯವನ ಬಳಿಗೆ ಹೋಗಿ ಅವನನ್ನು ಬಿಡದೆ ಬೇಡಬೇಕೆಂದು ಜ್ಞಾನೋಕ್ತಿಗಳ 6ನೆಯ ಅಧ್ಯಾಯವು ಬುದ್ಧಿ ಹೇಳುತ್ತದೆ. ಪತ್ರದ ನಕಲನ್ನೂ ಬಾಕಿಯ ಲೆಕ್ಕವನ್ನೂ ಬ್ಯಾಂಕಿನಲ್ಲಿ ಬರೆದು ಕೇಳಲಿ. ವರುಷ ವರುಷವೂ ತಿರಿಗಿ ಎತ್ತುವ ಬೆಳೆಸಾಲಕ್ಕೆ ನಿಂತಿದ್ದರೆ, ಕರಾರಿನಲ್ಲಿ ಅಡ್ಡಿಯಿಲ್ಲದಲ್ಲಿ, ಇನ್ನು ಮುಂದೆ ಎತ್ತುವ ಹಣಕ್ಕೆ ನಾನು ಹೊಣೆಯಲ್ಲ, ಎಂದು ಬ್ಯಾಂಕಿಗೆ ನೋಟೀಸು ಕೊಡಬಹುದು. ಹಿಂದೆ ಎತ್ತಿದ್ದಕ್ಕೆ ಹೊಣೆಯು ಉಳಿದೇ ಇರುತ್ತದೆ. ಬರದ ವರುಷದಲ್ಲಿ ಸಾಲದ ವಾಯಿದೆಯನ್ನು ಬದಲಾಯಿಸಿ ಹೊಸ ಕಾಗದಕ್ಕೆ ರುಜು ಹಾಕಲು ಕರೆದರೆ, ಓದಿಸಿ ಕೇಳದೆ ಹಾಕಬೇಡಿರಿ. ಯಾಕಂದರೆ ಜಾಮೀನುದಾರನ ಒಪ್ಪಿಗೆಯಿಲ್ಲದೆ ಷರತ್ತುಗಳನ್ನು ಬದಲಾಯಿಸಿದರೆ ಮುಂದಿನ ವ್ಯವಹಾರಗಳಿಂದ ಅವನಿಗೆ ಕಾಯಿದೆಯಲ್ಲಿ ಬಿಡುಗಡೆಯುಂಟು. ಅಚ್ಚುಹಾಕಿದ ಪತ್ರದ ಸಣ್ಣ ಅಕ್ಷರಗಳಲ್ಲಿ ಆ ಬಿಡುಗಡೆಯನ್ನು ಅವನು ಮೊದಲೇ ಬಿಟ್ಟುಕೊಟ್ಟಂತೆ ಎಷ್ಟೋ ಸಾರಿ ಬರೆದಿರುತ್ತದೆ. ಓದು ಬಾರದವರು ಸಭಾಪಾಲಕರನ್ನಾಗಲಿ ಶಾಲೆಯ ಉಪಾಧ್ಯಾಯರನ್ನಾಗಲಿ ಜೊತೆಗೆ ಕರಕೊಂಡು ಹೋಗಲಿ.